ಮಗ ದೋಹಾಕ್ಕೆ ಹೋದ, ಹಾವು ಅಮ್ಮನ ಪಾಲಿಗೆ ಬಂತು

ಈ ಸಲದ ಪತ್ರ ಉಡುಪಿಯಿಂದ. ಬರೆದವರಿಗೆ 61 ವರ್ಷ, ಯಜಮಾನರು ತೀರಿಕೊಂಡು ಆರು ವರ್ಷ ಆಯ್ತಂತೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ನಾಲ್ಕು ಪುಟದ ಪತ್ರ, ನಾನು ಸಣ್ಣದು ಮಾಡಿ ಹಾಕ್ತಾ ಇದ್ದೇನೆ.

"ಮಗ ಬೆಂಗಳೂರಲ್ಲಿದ್ದಾಗ ಒಂದು ಹಾವು ಸಾಕಿದ್ದ. ರೈನ್‌ಬೋ ಬೋವಾ ಅಂತೆ, ಬ್ರೆಜಿಲ್ ಕಡೆಯದ್ದು, ವಿಷ ಇಲ್ಲ. ದೋಹಾದಲ್ಲಿ ಕೆಲಸ ಸಿಕ್ಕಿದಾಗ 'ಅಮ್ಮ, ಒಂದು ಆರು ತಿಂಗಳು ನೋಡ್ಕೋ' ಅಂತ ಗಾಜಿನ ಪೆಟ್ಟಿಗೆ ಸಮೇತ ತಂದು ಉಪ್ಪರಿಗೆ ಕೋಣೆಯಲ್ಲಿಟ್ಟು ಹೋದ. ಈಗ ಒಂದೂವರೆ ವರ್ಷ ಆಯ್ತು. ನಮ್ಮದು ಮೊಟ್ಟೆ ಕೂಡ ಒಳಗೆ ತಾರದ ಮನೆ, ನಾನು ಹತ್ತು ದಿನಕ್ಕೊಮ್ಮೆ ಅದಕ್ಕೆ ಇಲಿ ಕೊಟ್ಟು ಮಿಂದು ಬರುದು. ಮಗಳಿಗೆ ಡಿಸೆಂಬರಿಗೆ ಡೇಟ್ ಕೊಟ್ಟಿದ್ದಾರೆ, ಬಾಣಂತನ ಇಲ್ಲೇ ಆಗ್ಬೇಕು, ಹಾವಿದ್ರೆ ಆ ಮನೆಗೆ ಕಾಲಿಡುದಿಲ್ಲ ಅಂತಾಳೆ. ಮಗ 'ಅದನ್ನು ಯಾರಿಗಾದ್ರೂ ಕೊಟ್ರೆ ನಾನು ಊರಿಗೆ ಬರುದು ಯಾಕೆ' ಅಂತಾನೆ. ಮೈದುನ ಹೇಳುದು ನಾಗದೋಷ ಬರ್ತದೆ, ಆಗುಂಬೆ ಘಾಟಿಯಲ್ಲಿ ಬಿಟ್ಟು ಬರುವ ಅಂತ. ನಾಗರ ಪಂಚಮಿಗೆ ಅದಕ್ಕೂ ಸ್ವಲ್ಪ ಹಾಲಿಡ್ಲಾ ಅಂತ ನಂಗೆ ಅನಿಸಿದ್ದುಂಟು. ಎಂತ ಮಾಡುದು ಹೇಳಿ. ಮೊನ್ನೆ ಪೊರೆ ಬಿಟ್ಟಿತು, ಆಮೇಲೆ ಅದರ ಮೈ ನೋಡ್ಬೇಕಿತ್ತು ನೀವು."

ಅಕ್ಕಾ, ಮೊದಲು ಆ ಕೊನೇ ಸಾಲಿಗೆ ಬರ್ತೇನೆ. ನಾಲ್ಕು ಪುಟದಲ್ಲಿ ಹೆಚ್ಚುಕಮ್ಮಿ ಒಂದೂವರೆ ಪುಟ ನೀವು ಹಾವಿನ ಚಂದವನ್ನೇ ಬರೆದಿದ್ದೀರಿ, ಸಂಜೆ ದೀಪ ಇಟ್ಟು ಮೇಲೆ ಹೋಗಿ ಟ್ಯೂಬ್‌ಲೈಟ್ ಹಾಕಿದಾಗ ಆ ಕೆಂಪು-ಕಂದು ಮೈ ಮೇಲೆ ನೀಲಿ ಹಸಿರು ನೇರಳೆ ಹೇಗೆ ಓಡ್ತದೆ ಅಂತ, ಮಳೆಗಾಲದಲ್ಲಿ ಬಸ್‌ಸ್ಟ್ಯಾಂಡಿನ ನೀರಿಗೆ ಡೀಸೆಲ್ ಬಿದ್ದ ಹಾಗೆ ಅಂತ. ಮಗ ಇಟ್ಟದ್ದು ಏನೋ ದೊಡ್ಡ ಇಂಗ್ಲಿಷ್ ಹೆಸರು, ನೀವು ಕರೆಯುದು ಪುಟ್ಟ. ಹಾಗಾಗಿ ಇದು ಮಗನ ಹಾವು, ಮಗಳ ಹಠ, ನಾನು ಮಧ್ಯದಲ್ಲಿ ಸಿಕ್ಕಿಬಿದ್ದೆ ಅಂತ ಬರೆದದ್ದು ಪೂರ್ತಿ ನಿಜ ಅಲ್ಲ ಅಲ್ವಾ? ಪುಟ್ಟ ಈಗ ನಿಮ್ಮದೂ ಹೌದು. ಅದನ್ನು ಒಪ್ಪಿಕೊಂಡೇ ಮಾತಾಡುವ, ಇಲ್ಲದಿದ್ರೆ ನಾನು ಎಂತ ಹೇಳಿದ್ರೂ ನಿಮಗೆ ರುಚಿಸ್ಲಿಕ್ಕಿಲ್ಲ.

ಆ ಬಣ್ಣದ ವಿಷಯ ನಂಗೂ ಆಸಕ್ತಿ ಹುಟ್ಟಿ ಸ್ವಲ್ಪ ಓದಿದೆ. ಅದು ಚರ್ಮಕ್ಕೆ ಬಳಿದ ಬಣ್ಣ ಅಲ್ಲ, ಹುರುಪೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಗೀರು ಇರ್ತದೆ, ಬೆಳಕು ಅದಕ್ಕೆ ತಾಗಿ ಒಡೆದು ಬಣ್ಣ ಆಗುದು, ಹಳೇ ಸಿಡಿಯ ಹಿಂಬದಿ ಹೊಳೆಯುವ ಹಾಗೆ. ಪೊರೆ ಬಿಟ್ಟ ಮರುದಿನ ಜಾಸ್ತಿ ಹೊಳೆಯುದು ಮೇಲಿನ ಪದರ ಹೊಸತಾದ ಕಾರಣ. ಪೊರೆ ಕಾಲುಚೀಲ ತೆಗೆದ ಹಾಗೆ ಒಂದೇ ತುಂಡಾಗಿ ಬಂತು ಅಂತ ಬರೆದಿದ್ದೀರಲ್ಲ, ಅದು ನಿಮ್ಮ ಆರೈಕೆಗೆ ಸರ್ಟಿಫಿಕೇಟು. ಅಮೆಝಾನ್ ಕಾಡಿನ ಜೀವ ಅದು, ಗಾಳಿಯಲ್ಲಿ 75ರಿಂದ 90 ಪರ್ಸೆಂಟ್ ತೇವ ಬೇಕು, ಒಣಗಿದ್ರೆ ಪೊರೆ ಚೂರು ಚೂರಾಗಿ ಅಂಟಿಕೊಳ್ತದೆ, ಕಣ್ಣಿನ ಮೇಲಿನದ್ದು ಉಳಿದುಬಿಡ್ತದೆ. ಬೆಂಗಳೂರಲ್ಲಿ ಮಗ ದಿನಕ್ಕೆರಡು ಸಲ ಸ್ಪ್ರೇ ಹೊಡೀತಿದ್ದನಂತೆ, ನಮ್ಮ ಆಟಿ ತಿಂಗಳ ಮಳೆಯಲ್ಲಿ ಅದರ ಅಗತ್ಯವೇ ಇಲ್ಲ, ಕಪಾಟಿನ ಒಳಗೆ ಚಪ್ಪಲಿಗೇ ಬೂಸ್ಟು ಬರುವ ಊರು ನಮ್ಮದು. ಇಲ್ಲಿ ಹೆದರಬೇಕಾದ್ದು ಏಪ್ರಿಲ್-ಮೇ ತಿಂಗಳ ಸೆಕೆಗೆ. 32 ಡಿಗ್ರಿ ದಾಟಿದ್ರೆ ಅದಕ್ಕೆ ಕಷ್ಟ, ತಾರಸಿ ಕೆಳಗಿನ ಉಪ್ಪರಿಗೆ ಕೋಣೆ ಮಧ್ಯಾಹ್ನ ಹೇಗಿರ್ತದೆ ಅಂತ ನಿಮಗೆ ನಾನು ಹೇಳ್ಬೇಕಾಗಿಲ್ಲ. ಕಳೆದ ಬೇಸಿಗೆಯಲ್ಲಿ ಕೆಳಗಿನ ಕೋಣೆಗೆ ತಂದು ಒದ್ದೆ ಗೋಣಿ ಹೊದಿಸಿ ಫ್ಯಾನ್ ಹಾಕಿ ಬದುಕಿಸಿದ್ದು ನೀವು, ದೋಹಾದಲ್ಲಿ ಏಸಿಯಲ್ಲಿ ಕೂತವ ಅಲ್ಲ.

ಈಗ ಮೈದುನನ ಮಾತು. ನಾಗದೋಷದ ಬಗ್ಗೆ ವಾದ ಮಾಡ್ಲಿಕ್ಕೆ ನಾನು ಹೋಗುದಿಲ್ಲ, ನಮ್ಮ ಮನೆಯಲ್ಲೂ ನಾಗಬನ ಉಂಟು, ವರ್ಷಕ್ಕೊಮ್ಮೆ ತಂಬಿಲ ಪೂಜೆ ಆಗ್ತದೆ, ಕುಡುಪು ದೇವಸ್ಥಾನಕ್ಕೆ ಹೋದ್ರೆ ನಾನೂ ಕೈ ಮುಗಿದೇ ಬರುದು. ಆದ್ರೆ ಇದು ನಾಗ ಅಲ್ಲ ಅಕ್ಕಾ. ಹೆಡೆ ಇಲ್ಲ, ವಿಷ ಇಲ್ಲ, ನಮ್ಮ ಹೆಬ್ಬಾವಿನ ದೂರದ ನೆಂಟ ಬೇಕಾದ್ರೆ ಅನ್ನಿ, ಹಾಗೆ ನೋಡಿದ್ರೆ ಹೆಬ್ಬಾವು ಮೊಟ್ಟೆ ಇಡುದು, ಇದು ನೇರ ಮರಿ ಹಾಕುದು. ಮನಸ್ಸಿಗೆ ಕಿರಿಕಿರಿ ಇದ್ರೆ ಬನದಲ್ಲಿ ನಾಗನಿಗೆ ಹಾಲು-ಎಳನೀರಿನ ತನು ಎರೆದು ಬನ್ನಿ. ಪೆಟ್ಟಿಗೆಯೊಳಗೆ ಮಾತ್ರ ಹಾಲಿಡ್ಬೇಡಿ, ಹಾವಿಗೆ ಹಾಲು ಜೀರ್ಣ ಆಗುದಿಲ್ಲ, ಸುರುಳಿ ಸುತ್ತಿ ಮುಳುಗಿ ಕೂತ್ಕೊಳ್ಳುವಷ್ಟು ದೊಡ್ಡ ಬೇಸನ್ನಲ್ಲಿ ಚೊಕ್ಕ ನೀರು ಸಾಕು.

ಆಗುಂಬೆಯಲ್ಲಿ ಬಿಡುದು ಅಂದ್ರೆ ಅದು ದೊಡ್ಡ ತಪ್ಪು. ಹುಟ್ಟಿದಂದಿನಿಂದ ಇಕ್ಕಳದಲ್ಲಿ ಹಿಡಿದ ಇಲಿ ತಿಂದದ್ದಕ್ಕೆ ಕಾಡಲ್ಲಿ ಬದುಕ್ಲಿಕ್ಕೆ ಗೊತ್ತಿರುದಿಲ್ಲ, ಗೊತ್ತಾಗಿ ಬದುಕಿದ್ರೆ ಇನ್ನೂ ಕಷ್ಟ, ವಿದೇಶಿ ಹಾವಿನ ಮೈಯಲ್ಲಿ ಬಂದ ಉಣ್ಣಿ, ರೋಗ ನಮ್ಮ ಹೆಬ್ಬಾವಿಗೆ ಹತ್ತಿದ್ರೆ ಯಾರು ಜವಾಬ್ದಾರಿ? ಅಮೆರಿಕದ ಫ್ಲೋರಿಡಾದಲ್ಲಿ ಹೀಗೇ ಸಾಕಿ ಬೇಜಾರಾಗಿ ಬಿಟ್ಟದ್ದು, ತಪ್ಪಿಸಿಕೊಂಡದ್ದು ಎಲ್ಲ ಸೇರಿ ಬರ್ಮಾ ಹೆಬ್ಬಾವು ಎವರ್‌ಗ್ಲೇಡ್ಸ್ ಜೌಗು ಕಾಡಿನ ತುಂಬ ಆಗಿ ಅಲ್ಲಿನ ಮೊಲ, ರಕೂನ್ ಎಲ್ಲ ಖಾಲಿ ಆಗುವ ಹಂತಕ್ಕೆ ಬಂತು. ಮೈದುನನಿಗೆ ಒಂದು ಕಾಫಿ ಕೊಟ್ಟು ಇದಿಷ್ಟು ಹೇಳಿ, ಕಾನೂನಿನ ಪ್ರಕಾರವೂ ಬಿಡುವ ಹಾಗಿಲ್ಲ ಅಂತ ಕೊನೆಗೆ ಸೇರಿಸಿ, ಗಂಡಸರಿಗೆ ಅದು ಬೇಗ ನಾಟ್ತದೆ.

ಕಾನೂನು ಅಂದ ಕೂಡ್ಲೇ ನಂಗೆ ನಿಮ್ಮ ಪತ್ರದಲ್ಲಿ ಹೊಟ್ಟೆಗೆ ಕಲ್ಲು ಹಾಕಿದ ಹಾಗೆ ಆದದ್ದು ಒಂದೇ ಮಾತಿಗೆ, "ಕಾಗದ ಎಲ್ಲ ಸರಿ ಉಂಟು ಅಂತ ಮಗ ಹೇಳಿದ್ದಾನೆ." ಹೇಳಿದ್ದಾನೆ, ಸರಿ. ನೀವು ನೋಡಿದ್ದೀರಾ? ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು, ಕಾಡುಪ್ರಾಣಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ (CITES) ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳೂ ಅದರೊಳಗೆ ಸೇರಿದವು, ಬೋವಾ ಆ ಪಟ್ಟಿಯಲ್ಲಿ ಉಂಟು. 2024ರ ಫೆಬ್ರವರಿಯಲ್ಲಿ ನಿಯಮ ಬಂತು, ಮನೆಯಲ್ಲಿ ಇಂಥದ್ದು ಇರುವವರು ಆರು ತಿಂಗಳೊಳಗೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ರಿಜಿಸ್ಟರ್ ಮಾಡ್ಬೇಕು ಅಂತ. ಬೇರೆಯವರಿಗೆ ಕೊಟ್ರೂ, ಸತ್ತರೂ ತಿಳಿಸ್ಬೇಕು. ಅಂದ್ರೆ ನಾಳೆ ಯಾರಾದ್ರೂ ಬಂದು ಕೇಳಿದ್ರೆ ಹಾವು ಇರುದು ನಿಮ್ಮ ಮನೆಯಲ್ಲಿ, ಉತ್ತರ ಕೊಡ್ಬೇಕಾದವರು ನೀವು. ಇವತ್ತೇ ಮಗನಿಗೆ ಹೇಳಿ ಆ ಸರ್ಟಿಫಿಕೇಟ್ ವಾಟ್ಸಾಪಿಗೆ ಹಾಕಿಸ್ಕೊಳ್ಳಿ. ಇಲ್ಲ ಅಂತಾದ್ರೆ ಒಬ್ಬ ವಕೀಲರನ್ನು ಕಂಡು ನೀವಾಗಿಯೇ ಅರಣ್ಯ ಇಲಾಖೆ ಕಚೇರಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುದು ಒಳ್ಳೇದು, ಅವರಾಗಿ ಬಾಗಿಲು ತಟ್ಟುವ ತನಕ ಕಾಯ್ಬೇಡಿ.

ಮಗಳ ಮಾತನ್ನು ನೀವು ಹಠ ಅಂತ ಬರೆದಿದ್ದೀರಿ. ನಾನು ಅವಳ ಪಕ್ಷ. ಹಾವು ಮಗುವನ್ನು ನುಂಗ್ತದೆ ಅಂತ ಅಲ್ಲ, ನಾಲ್ಕು ಅಡಿಯ ಈ ಬೋವಾಗೆ ಒಂದು ಇಲಿ ನುಂಗ್ಲಿಕ್ಕೇ ಕಾಲು ಗಂಟೆ ಬೇಕು. ವಿಷಯ ಬೇರೆ. ಹಾವು, ಆಮೆ, ಓತಿಗಳ ಮೈಯಲ್ಲಿ ಸಾಲ್ಮೊನೆಲ್ಲಾ ಅಂತ ಒಂದು ಬ್ಯಾಕ್ಟೀರಿಯಾ ಇರಬಹುದು, ಹಾವಿಗೆ ಏನೂ ಆಗಿರುದಿಲ್ಲ, ನೋಡ್ಲಿಕ್ಕೆ ಆರೋಗ್ಯವಾಗಿಯೇ ಇರ್ತದೆ, ಆದ್ರೆ ಎಳೆ ಮಗುವಿಗೆ ಹೋದ್ರೆ ಆಸ್ಪತ್ರೆಗೆ ಸೇರಿಸುವಷ್ಟು ಭೇದಿ ಜ್ವರ ಬರಬಹುದು. ಐದು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಇವನ್ನು ಇಡ್ಬಾರ್ದು ಅಂತಲೇ ವೈದ್ಯರು ಹೇಳುದು. ಒಂದೇ ಕೈ, ಒಂದೇ ಮನೆ, ಮೇಲೆ ಹಾವಿನ ನೀರು ಬದಲಿಸಿ ಕೆಳಗೆ ಬಂದು ಮಗುವಿಗೆ ಎಣ್ಣೆ ತಿಕ್ಕುವವರು ನೀವೊಬ್ಬರೇ. ಎಷ್ಟು ಸೋಪು ಹಾಕಿ ತೊಳೆದ್ರೂ ನಿದ್ದೆಗೆಟ್ಟ ಒಂದು ದಿನ ತಪ್ಪುದು ಸಹಜ. ಮೂರು ತಿಂಗಳು ಬೇರೆಲ್ಲಾದ್ರೂ ಇಟ್ಟು ಮತ್ತೆ ತರುವ ಅಂದ್ರೆ ಆ ಮಗು ಮುಂದೆ ಐದು ವರ್ಷ ಅಜ್ಜಿ ಮನೆಗೆ ಬರ್ಲಿಕ್ಕುಂಟು, ಹಾವು 20 ವರ್ಷ ಬದುಕುವ ಜಾತಿ. ಲೆಕ್ಕ ಹಾಕಿ ನೋಡಿ, ನಿಮಗೆ 80 ಆದಾಗಲೂ ಇಕ್ಕಳ ಹಿಡ್ಕೊಂಡು ಉಪ್ಪರಿಗೆ ಮೆಟ್ಟಿಲು ಹತ್ತಬೇಕಾ?

ಹಾಗಾಗಿ ನನ್ನ ಮಾತು ಇಷ್ಟೇ, ದೀಪಾವಳಿಗೆ ಮೊದಲು ಪುಟ್ಟ ಬೇರೆ ಮನೆ ಸೇರ್ಬೇಕು, ಆ ಮನೆ ಹುಡುಕಬೇಕಾದವ ನಿಮ್ಮ ಮಗ. ನಮ್ಮ ಅಣ್ಣ ಮಸ್ಕತ್ತಿಗೆ ಹೋಗುವಾಗ ಹದಿನಾಲ್ಕು ಜೋಡಿ ಪಾರಿವಾಳ ಬಿಟ್ಟು ಹೋಗಿದ್ದ, ಅಮ್ಮ ಒಂಬತ್ತು ವರ್ಷ ಗೂಡು ತೊಳೆದ್ರು, ಅವ ರಜೆಗೆ ಬಂದಾಗ ಹತ್ತು ನಿಮಿಷ ಕಾಳು ಹಾಕಿ "ಆಹಾ ನನ್ನ ಪಾರಿವಾಳ" ಅಂತಿದ್ದ. ಗಂಡುಮಕ್ಕಳ ಶೋಕಿ, ಅಮ್ಮಂದಿರ ಚಾಕ್ರಿ. "ಊರಿಗೆ ಬರುದು ಯಾಕೆ" ಅಂದನಲ್ಲ ನಿಮ್ಮವ, ಆ ಮಾತಿಗೆ ನೀವು ಅತ್ತಿದ್ದೀರಿ ಅಂತ ಬರೆದಿದ್ದೀರಿ, ಅಳ್ಬೇಡಿ, ಬೈಯಿರಿ. ಹಾವಿಗೋಸ್ಕರ ಬರುವವ ಅಮ್ಮನಿಗೋಸ್ಕರ ಬರುದಿಲ್ವಾ ಅಂತ ನೇರ ಕೇಳಿ, ಆ ಹುಡುಗನೂ ಅದನ್ನು ಯೋಚಿಸಿ ಆಡಿದ ಮಾತಾಗಿರ್ಲಿಕ್ಕಿಲ್ಲ, ದೂರದಲ್ಲಿದ್ದವರ ಬಾಯಲ್ಲಿ ಇಂಥದ್ದು ಬರ್ತದೆ. ಆಮೇಲೆ ಒಂದು ತಾರೀಕು ಕೊಡಿ. ಆ ತಾರೀಕಿನೊಳಗೆ ಅವ ರಜೆ ಹಾಕಿ ಬಂದು, ಅನುಭವ ಇರುವ, ರಿಜಿಸ್ಟ್ರೇಷನ್ ಮಾಡಿಸ್ಕೊಳ್ಳುವ ಒಬ್ಬರಿಗೆ ಕಾಗದ ಸಮೇತ ದಾಟಿಸ್ಬೇಕು. ಗ್ರೂಪಿನಲ್ಲಿ ಫೋಟೋ ಹಾಕಿ ಯಾರೋ ಬೈಕಲ್ಲಿ ಬಂದು ಚೀಲದಲ್ಲಿ ತಗೊಂಡು ಹೋಗುದೆಲ್ಲ ಬೇಡ. ಮಂಗಳೂರಿನ ಪಿಲಿಕುಳ ಝೂಗೆ ಕೊಟ್ಟುಬಿಡಿ ಅಂತ ಸಲೀಸಾಗಿ ಹೇಳುವವರೂ ಸಿಗ್ತಾರೆ, ಝೂ ಅಂದ್ರೆ ಹಳೇ ಪೇಪರ್ ಅಂಗಡಿ ಅಲ್ಲ, ತಗೊಳ್ಳುದು ಬಿಡುದು ಅವರಿಗೆ ಬಿಟ್ಟದ್ದು, ಕೇಳುದಿದ್ರೆ ಇಲಾಖೆ ಮೂಲಕ ಕೇಳಿ.

ಅಲ್ಲಿವರೆಗೆ ಇಲಿಯ ಫ್ರಿಜ್ ಬೇರೆ ಇಟ್ಟದ್ದು ಒಳ್ಳೇದಾಯ್ತು, ಹಾಗೇ ಇರ್ಲಿ. ಪೆಟ್ಟಿಗೆ ಮುಚ್ಚಳದ ಕ್ಲಿಪ್ ರಾತ್ರಿ ಒಮ್ಮೆ ನೋಡಿ, ರಾತ್ರಿ ಓಡಾಡುವ ಜಾತಿ ಅದು, ಒಂದು ಬೆರಳಿನ ಸಂದು ಸಿಕ್ಕಿದ್ರೆ ಮೂಗು ತೂರಿಸ್ತದೆ. ಕಣ್ಣು ಹಾಲು ಬಿದ್ದ ಹಾಗೆ ನೀಲಿ ಆದ ದಿನ ಮುಟ್ಟಲಿಕ್ಕೆ ಹೋಗ್ಬೇಡಿ, ಪೊರೆ ಬಿಡುವ ಮೊದಲು ಅದಕ್ಕೆ ಸರಿ ಕಾಣುದಿಲ್ಲ, ಹೆದರಿ ಕಚ್ಚಬಹುದು.

ಮತ್ತೊಂದು, ಕಳಿಸುವ ದಿನ ಹತ್ತಿರ ಬಂದಾಗ ನಿಮ್ಮ ಕೈ ಸುಮ್ಮನೆ ಇರ್ಲಿಕ್ಕಿಲ್ಲ ಅಂತ ನಂಗೆ ಗೊತ್ತುಂಟು. ಮನೆ ಬಿಟ್ಟು ಹೋಗುವವರಿಗೆ ಹೊಟ್ಟೆ ತುಂಬ ಬಡಿಸಿ ಕಳಿಸಿ ಅಭ್ಯಾಸ ನಮಗೆ. ಹಾಗೆ ಮಾಡ್ಬೇಡಿ ಅಕ್ಕಾ, ಹೊರಡುವ ಒಂದು ವಾರ ಮೊದಲಿನಿಂದಲೇ ಏನೂ ಕೊಡ್ಬೇಡಿ. ತಿಂದ ಕೂಡ್ಲೇ ಅಲುಗಾಡಿಸಿದ್ರೆ ದಾರಿಯಲ್ಲೇ ಎಲ್ಲ ಕಕ್ಕಿಬಿಡ್ತದೆ. ಖಾಲಿ ಹೊಟ್ಟೆಯಲ್ಲೇ ಹೋಗ್ಲಿ.