ಫೋರ್ ವೀಲ್ ಹಾಕಿದರೆ ಪಿಕಪ್ ತಿರುವಿನಲ್ಲಿ ಯಾಕೆ ಜಗ್ಗುತ್ತದೆ?

ಪ್ರಶ್ನೆ: ಭತ್ತದ ಕಟಾವಿನ ವೇಳೆ ಗದ್ದೆಯಿಂದ ಹೊರಬರಲು ನಮ್ಮ ಪಿಕಪ್ ಅನ್ನು ಫೋರ್ ಹೈಗೆ (ನಾಲ್ಕೂ ಗಾಲಿಗೆ ಬಲ ಹೋಗುವಂತೆ) ಹಾಕುತ್ತೇವೆ. ಅದೇ ಗೇರಿನಲ್ಲಿ ಡಾಂಬರು ಹತ್ತಿ ರೈಸ್ ಮಿಲ್ ಗೇಟಿನೊಳಗೆ ತಿರುಗಿಸುವಾಗ ಸ್ಟೇರಿಂಗ್ ಬಿಗಿಯಾಗುತ್ತೆ, ಗಾಡಿ ತಡೆತಡೆದು ಜಗ್ಗುತ್ತೆ. ಆಮೇಲೆ ಲಿವರ್ ಟೂ ಹೈಗೆ (ಹಿಂದಿನ ಎರಡು ಗಾಲಿಗಷ್ಟೇ ಬಲ) ಬರೋದೇ ಇಲ್ಲ. ಮೆಕ್ಯಾನಿಕ್ ಟ್ರಾನ್ಸ್‌ಫರ್ ಕೇಸ್ (ಮುಂದಿನ-ಹಿಂದಿನ ಗಾಲಿಗಳಿಗೆ ಬಲ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚಬೇಕು ಅಂತಾರೆ. ಬಿಚ್ಚಿಸಬೇಕಾ?
– ಓದುಗರು, ಕಾರಟಗಿ

ಉತ್ತರ: ಸದ್ಯಕ್ಕೆ ಬಿಚ್ಚಿಸಬೇಡಿ. ನೀವು ಹೇಳುವ ಲಕ್ಷಣಗಳಿಗೆ ಹೆಚ್ಚಾಗಿ ಡಾಂಬರೇ ಕಾರಣ.

ನಮ್ಮಲ್ಲಿ ಓಡುವ ಫೋರ್ ವೀಲ್ ಪಿಕಪ್‌ಗಳಲ್ಲಿ ಬಹುಪಾಲು ಪಾರ್ಟ್ ಟೈಮ್ ಮಾದರಿಯವು, ಅಂದರೆ ಬೇಕಾದಾಗ ಮಾತ್ರ ಫೋರ್ ವೀಲ್ ಹಾಕುವಂಥವು. ಫೋರ್ ಹೈ ಹಾಕಿದ ಕೂಡಲೇ ಮುಂದಿನ ಮತ್ತು ಹಿಂದಿನ ಪ್ರೊಪೆಲ್ಲರ್ ಶಾಫ್ಟ್ (ಆಕ್ಸಲ್‌ಗೆ ಬಲ ಒಯ್ಯುವ ಉದ್ದ ದಂಡ) ಒಂದಕ್ಕೊಂದು ಲಾಕ್ ಆಗುತ್ತವೆ, ನಡುವೆ ಡಿಫರೆನ್ಷಿಯಲ್ (ಎರಡು ಕಡೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ಇರುವುದಿಲ್ಲ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಮುಂದಿನ ಗಾಲಿಯಿಂದ ಹಿಂದಿನ ಗಾಲಿಗೆ 3 ಮೀಟರ್ ಇರುವ ಗಾಡಿಯ ಲೆಕ್ಕ ನೋಡಿ. ಹಿಂದಿನ ಆಕ್ಸಲ್‌ನ ಮಧ್ಯಭಾಗ 6 ಮೀಟರ್ ತ್ರಿಜ್ಯದಲ್ಲಿ ತಿರುಗಿದರೆ ಮುಂದಿನದು 6.7 ಮೀಟರ್ ತ್ರಿಜ್ಯದಲ್ಲಿ ತಿರುಗುತ್ತದೆ. ಗೇಟಿನ 90 ಡಿಗ್ರಿ ತಿರುವೊಂದರಲ್ಲೇ ಹಿಂದಿನದು 9.4 ಮೀಟರ್, ಮುಂದಿನದು 10.5 ಮೀಟರ್ ಸಾಗಬೇಕು. ವ್ಯತ್ಯಾಸ 1.1 ಮೀಟರ್, ಅಂದರೆ ಟೈರಿನ ಸುಮಾರು ಅರ್ಧ ಸುತ್ತು. ಅದೇ ಹೆದ್ದಾರಿಯ 60 ಮೀಟರ್ ತ್ರಿಜ್ಯದ ತಿರುವಿನಲ್ಲಿ ಈ ವ್ಯತ್ಯಾಸ ನೂರಕ್ಕೆ 0.13 ಮಾತ್ರ. ಹಾಗಾಗಿ ದೊಡ್ಡ ತಿರುವಿನಲ್ಲಿ ಗೊತ್ತಾಗದ್ದು ಗೇಟಿನಲ್ಲಿ ಎದ್ದು ಕಾಣುತ್ತದೆ.

ಎರೆ ಮಣ್ಣಿನಲ್ಲಿ ಟೈರ್ ಜಾರಿ ಈ ಅರ್ಧ ಸುತ್ತನ್ನು ನುಂಗಿಕೊಳ್ಳುತ್ತದೆ. ಒಣ ಡಾಂಬರಿನಲ್ಲಿ ಜಾರಲು ದಾರಿ ಇಲ್ಲ. ಆ ಬಲ ಶಾಫ್ಟ್, ಯುಜೆ ಕ್ರಾಸ್ (ಶಾಫ್ಟ್ ಬಾಗಿ ತಿರುಗಲು ಇರುವ ಕೀಲು) ಮತ್ತು ಟ್ರಾನ್ಸ್‌ಫರ್ ಕೇಸಿನ ಹಲ್ಲುಗಳ ಮೇಲೆ ಸಿಕ್ಕಿಕೊಳ್ಳುತ್ತದೆ. ಮುಂದಿನ ಗಾಲಿಗೆ ಬ್ರೇಕ್ ಹಿಡಿದಂತಾಗಿ ಗಾಡಿ ತಿರುವಿನ ಹೊರಕ್ಕೆ ತಳ್ಳಿಸಿಕೊಳ್ಳುತ್ತದೆ. ಲಿವರ್ ಬರದಿರುವುದೂ ಹಲ್ಲುಗಳು ಒತ್ತಡದಲ್ಲಿ ಕಚ್ಚಿಕೊಂಡಿರುವುದರಿಂದಲೇ.

ಬಿಡಿಸುವುದು ಸುಲಭ. ಗಾಡಿ ನಿಲ್ಲಿಸಿ, ಸ್ಟೇರಿಂಗ್ ನೇರ ಮಾಡಿ, ಹಿಂದಕ್ಕೆ 3ರಿಂದ 5 ಮೀಟರ್ ಬನ್ನಿ. ಕ್ಲಚ್ ಒತ್ತಿ ಲಿವರ್ ಎಳೆಯಿರಿ. ಬರದಿದ್ದರೆ ಒಂದು ಬದಿಯ ಗಾಲಿಗಳನ್ನು ಗರಸಿಗೆ ಇಳಿಸಿ ನಿಧಾನವಾಗಿ ಮುಂದೆ ಹೋಗಿ, ಒತ್ತಡ ಇಳಿಯುತ್ತದೆ. ಲಿವರ್ ಮೇಲೆ ಬಲ ಹಾಕಬೇಡಿ, ಒಳಗಿನ ಶಿಫ್ಟ್ ಫೋರ್ಕ್ (ಗೇರ್ ಸರಿಸುವ ಕವಲು) ಬಾಗಿದರೆ ಆಗ ನಿಜಕ್ಕೂ ಬಿಚ್ಚಬೇಕಾಗುತ್ತದೆ. ಇನ್ನು ಮುಂದೆ ಡಾಂಬರಿಗೆ ಗಾಲಿ ಇಡುವ ಮೊದಲೇ, ಮಣ್ಣಿನ ಮೇಲೆ ಇರುವಾಗಲೇ ಟೂ ಹೈಗೆ ಬನ್ನಿ.

ಖಾತ್ರಿಗೆ ಒಂದು ಪರೀಕ್ಷೆ: ಮೆದು ಮಣ್ಣಿನಲ್ಲಿ ಫೋರ್ ಹೈನಲ್ಲಿ ಪೂರ್ತಿ ಸ್ಟೇರಿಂಗ್ ತಿರುಗಿಸಿ ನಿಧಾನವಾಗಿ ಸುತ್ತು ಹಾಕಿ. ಜಗ್ಗುವುದು ನಿಂತರೆ ಚಿಂತೆ ಬೇಡ. ‘ಟಕ್ ಟಕ್’ ಎಂದು ತಾಳಬದ್ಧವಾಗಿ ಸದ್ದು ಬಂದರೆ ಮುಂದಿನ ಸಿವಿ ಜಾಯಿಂಟ್ (ತಿರುಗುವ ಮುಂದಿನ ಗಾಲಿಗೆ ಬಲ ಒಯ್ಯುವ ಕೀಲು) ಮತ್ತು ಅದರ ರಬ್ಬರ್ ಬೂಟ್ ನೋಡಿಸಿ. ಟೂ ಹೈನಲ್ಲೂ ಜಗ್ಗಿದರೆ ಯುಜೆ ಕ್ರಾಸ್ ಅಥವಾ ಹಿಂದಿನ ಡಿಫರೆನ್ಷಿಯಲ್ ಕಡೆ ನೋಡಬೇಕು. ಟೈರ್‌ಗಳನ್ನೂ ಮರೆಯಬೇಡಿ. ಮುಂದೆ ಹೊಸದು, ಹಿಂದೆ 3 ಮಿಲಿಮೀಟರ್ ಸವೆದದ್ದು ಹಾಕಿದರೆ ಸುತ್ತಳತೆಯಲ್ಲಿ ಸುಮಾರು 19 ಮಿಲಿಮೀಟರ್ ವ್ಯತ್ಯಾಸ. ಆಗ ಫೋರ್ ಹೈನಲ್ಲಿ ನೇರ ರಸ್ತೆಯಲ್ಲೂ ಪ್ರತಿ ಕಿಲೋಮೀಟರಿಗೆ 8 ಮೀಟರಿನಷ್ಟು ಎಳೆದಾಟ ಇರುತ್ತದೆ.

ಪ್ರಶ್ನೆ: ಮಳೆ ಬಂದಾಗ ಕಾಲುವೆ ಏರಿಯ ಮೇಲೆ ಖಾಲಿ ಪಿಕಪ್ ಟೂ ವೀಲ್‌ನಲ್ಲಿ ಹಿಂದೆ ಜಾರುತ್ತೆ, ಫೋರ್ ಹೈ ಹಾಕಿದರೆ ತಿರುವಿನಲ್ಲಿ ಮುಂದೆ ನೇರ ಹೋಗುತ್ತೆ. ಯಾವುದು ವಾಸಿ?
– ಓದುಗರು, ಸಿಂಧನೂರು

ಉತ್ತರ: ಫೋರ್ ಹೈ, ಆದರೆ 15–20 ಕಿಲೋಮೀಟರ್ ವೇಗದೊಳಗೆ. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಹಿಂದಿನ ಗಾಲಿಗಳಿಗಷ್ಟೇ ಬಲ ಕೊಟ್ಟರೆ ಅವು ಬೇಗ ಹಿಡಿತ ಬಿಡುತ್ತವೆ. ಫೋರ್ ಹೈನಲ್ಲಿ ಮುಂದಿನ ಟೈರ್ ಎಳೆಯಬೇಕು, ತಿರುಗಲೂಬೇಕು. ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ತಿರುಗುವ ಶಕ್ತಿ ಹೋಗುತ್ತದೆ. ಹಾಗೆ ನೇರ ಹೊರಟರೆ ಸ್ಟೇರಿಂಗ್ ಇನ್ನಷ್ಟು ತಿರುಗಿಸಬೇಡಿ. ಆಕ್ಸಿಲರೇಟರ್ ಮೆಲ್ಲಗೆ ಬಿಟ್ಟು, ಸ್ಟೇರಿಂಗ್ ಸ್ವಲ್ಪ ಸಡಿಲಿಸಿ, ಟೈರ್ ಹಿಡಿತ ಸಿಕ್ಕ ಮೇಲೆ ಮತ್ತೆ ತಿರುಗಿಸಿ.

ಬ್ರೇಕ್ ಹಾಕುವುದೆಲ್ಲ ತಿರುವಿಗೆ ಮೊದಲೇ, ಗಾಡಿ ನೇರ ಇರುವಾಗಲೇ ಮುಗಿಯಲಿ. ಫೋರ್ ವೀಲ್ ಇದ್ದರೆ ಗಾಡಿ ಬೇಗ ನಿಲ್ಲುತ್ತದೆ ಎಂಬುದು ಅಪಾಯದ ತಪ್ಪುಕಲ್ಪನೆ. ಬ್ರೇಕ್ ಯಾವ ಗಾಡಿಗಾದರೂ ನಾಲ್ಕೂ ಗಾಲಿಗೆ ಇದ್ದೇ ಇರುತ್ತದೆ. ಪಕ್ಕದಲ್ಲಿ ಕಾಲುವೆ ಇರುವಾಗ ಇದನ್ನು ಮರೆಯಲೇಬೇಡಿ. 100–150 ಕಿಲೋ ತೂಕವನ್ನು ಹಿಂದಿನ ಆಕ್ಸಲ್ ಮೇಲೆ ಬರುವಂತೆ ಬಿಗಿಯಾಗಿ ಕಟ್ಟಿದರೆ ಹಿಂಭಾಗ ಜಾರುವುದು ಬಹಳ ಕಡಿಮೆಯಾಗುತ್ತದೆ. ಆದರೆ ಹಿಂದಿನ ಬಾಗಿಲಿನ ಕಡೆ ಇಡಬೇಡಿ, ಮುಂದಿನ ಗಾಲಿ ಹಗುರವಾಗಿ ಸ್ಟೇರಿಂಗ್ ಇನ್ನೂ ಕೆಡುತ್ತದೆ. ಹಿಂದೆ ಡಿಫರೆನ್ಷಿಯಲ್ ಲಾಕ್ (ಎರಡೂ ಹಿಂದಿನ ಗಾಲಿ ಒಂದೇ ವೇಗದಲ್ಲಿ ತಿರುಗುವಂತೆ ಮಾಡುವ ಲಾಕ್) ಇದ್ದರೆ ಹೂತುಹೋದಾಗ ಮಾತ್ರ ಬಳಸಿ. ತಿರುವಿನಲ್ಲಿ ಲಾಕ್ ಆನ್ ಇದ್ದರೆ ಗಾಡಿ ನೇರಕ್ಕೇ ಎಳೆಯುತ್ತದೆ.