ಮುಚ್ಚಿದ ವಿಶ್ವದ ಎಂಟ್ರೊಪಿ ಸೊನ್ನೆಯೇ?

ಪ್ರಶ್ನೆ: ಎರಡು ಕಣಗಳಂತೆ ಎರಡು ವಿಶ್ವಗಳ ನಡುವೆಯೂ ಒಂದರ ಸ್ಥಿತಿ ಇನ್ನೊಂದರೊಂದಿಗೆ ಹೆಣೆದುಕೊಳ್ಳುವ ಕ್ವಾಂಟಂ ತಳುಕು, ಅಂದರೆ ಎಂಟ್ಯಾಂಗಲ್‌ಮೆಂಟ್ ಇರಬಹುದೇ? ಅಂಚಿಲ್ಲದ ಮುಚ್ಚಿದ ವಿಶ್ವದ ಎಂಟ್ರೊಪಿ (ಸ್ಥಿತಿಯ ಬಗ್ಗೆ ನಮಗೆ ಗೊತ್ತಿಲ್ಲದ್ದರ ಅಳತೆ) ಸೊನ್ನೆ ಎನ್ನುತ್ತಾರೆ. ಹಾಗಾದರೆ ಅದರೊಳಗಿನ ನಕ್ಷತ್ರಗಳ, ಬಿಸಿ ಅನಿಲದ ಎಂಟ್ರೊಪಿ ಎಲ್ಲಿ ಹೋಯಿತು?

ಉತ್ತರ: ಎಲ್ಲಿಗೂ ಹೋಗಿಲ್ಲ. ಪೂರ್ತಿ ತಳುಕು ಹಾಕಿಕೊಂಡ ಎರಡು ಎಲೆಕ್ಟ್ರಾನ್ ಸ್ಪಿನ್‌ಗಳನ್ನೇ ನೋಡಿ. ಸ್ಪಿನ್ ಎಂದರೆ ಕಣದ ಒಂದು ಒಳಗುಣ, ಅಳೆದರೆ ಮೇಲ್ಮುಖ ಇಲ್ಲವೇ ಕೆಳಮುಖ. ಜೋಡಿಯ ಸ್ಥಿತಿ ನಮಗೆ ಪೂರ್ತಿ ಗೊತ್ತು, ಹಾಗಾಗಿ ಅದರ ಎಂಟ್ರೊಪಿ ಸೊನ್ನೆ. ಆದರೆ ಒಂದನ್ನೇ ಹಿಡಿದುಕೊಂಡರೆ ಅದು ಮೇಲ್ಮುಖವೋ ಕೆಳಮುಖವೋ ಹೇಳಲು ಬಾರದು. ಅದರ ಎಂಟ್ರೊಪಿ ಲಾಗ್ 2, ಅಂದರೆ ಸುಮಾರು 0.69. ಬಿಡಿಗೆ ಇದ್ದದ್ದು ಇಡಿಗೆ ಇಲ್ಲ! ಕ್ವಾಂಟಂ ಲೋಕದಲ್ಲಿ ಇದು ಮಾಮೂಲು.

ನಿಜವಾದ ತೊಡಕು ನಿಮ್ಮ ಮೊದಲ ಪ್ರಶ್ನೆಯಲ್ಲಿದೆ. ಕಪ್ಪುಕುಳಿಯ ಎಂಟ್ರೊಪಿ ಅದರ ಮೇಲ್ಮೈ ವಿಸ್ತೀರ್ಣಕ್ಕೆ ತಕ್ಕಂತೆ ಇರುತ್ತದೆ ಎಂದು ಭೌತವಿಜ್ಞಾನಿಗಳಾದ ಬೆಕೆನ್‌ಸ್ಟೈನ್ ಮತ್ತು ಹಾಕಿಂಗ್ 1970ರ ದಶಕದಲ್ಲಿ ತೋರಿಸಿದರು. ಚದರ ಮೀಟರಿಗೆ ಸುಮಾರು 10ರ ಘಾತ 69. 2006ರಲ್ಲಿ ರ್ಯು ಮತ್ತು ತಕಯನಗಿ ಎಂಟ್ಯಾಂಗಲ್‌ಮೆಂಟಿಗೂ ಇಂಥದ್ದೇ ಸೂತ್ರ ಕೊಟ್ಟರು. ಅದರ ಈಗಿನ ರೂಪ ಹೀಗಿದೆ: ಒಂದು ವ್ಯವಸ್ಥೆಯ ಎಂಟ್ರೊಪಿ ಬೇಕಿದ್ದರೆ, ಗುರುತ್ವವಿರುವ ಕಡೆಯ ಯಾವುದಾದರೂ ಪ್ರದೇಶವನ್ನು ಗಡಿ ಹಾಕಿ ಅದರ ಲೆಕ್ಕಕ್ಕೆ ಸೇರಿಸಿಕೊಳ್ಳಿ, ಗಡಿ ಮೇಲ್ಮೈಯ ವಿಸ್ತೀರ್ಣದ ಪಾಲಿಗೆ ದ್ರವ್ಯದ ಎಂಟ್ರೊಪಿ ಕೂಡಿಸಿ, ಬರುವ ಮೊತ್ತಗಳಲ್ಲಿ ಅತಿ ಕಡಿಮೆಯದನ್ನು ಆರಿಸಿ.

ಈಗ ಗುರುತ್ವವೇ ಇಲ್ಲದ ಒಂದು ವಿಶ್ವ, ಅದರ ಜೊತೆ ತಳುಕು ಹಾಕಿಕೊಂಡ ಮುಚ್ಚಿದ ವಿಶ್ವ ಎಂದಿಟ್ಟುಕೊಳ್ಳಿ. ಮೊದಲನೆಯದರ ಎಂಟ್ರೊಪಿ ಎಷ್ಟು? ಮುಚ್ಚಿದ ವಿಶ್ವವನ್ನು ಇಡಿಯಾಗಿ ಸೇರಿಸಿಕೊಂಡರೆ ಗಡಿಯೇ ಬೇಕಿಲ್ಲ, ವಿಸ್ತೀರ್ಣ ಸೊನ್ನೆ. ಸ್ಪಿನ್ ಜೋಡಿಯಂತೆ ಎರಡೂ ಸೇರಿದರೆ ದ್ರವ್ಯದ ಎಂಟ್ರೊಪಿಯೂ ಸೊನ್ನೆ. ಅದಕ್ಕಿಂತ ಕಡಿಮೆ ಇರಲಾರದು. ತಳುಕಿದ್ದರೆ ಬಿಡಿಯ ಎಂಟ್ರೊಪಿ ಸೊನ್ನೆಯಾಗಬಾರದು. ಅಂದರೆ ನಾವು ಕೈಯಾರೆ ಹಾಕಿದ ತಳುಕನ್ನು ಗುರುತ್ವ ಒಪ್ಪಲೇ ಇಲ್ಲ! ಮುಚ್ಚಿದ ವಿಶ್ವಕ್ಕೆ ಒಂದೇ ಒಂದು ಕ್ವಾಂಟಂ ಸ್ಥಿತಿ ಇರುವುದಾದರೆ ಮಾತ್ರ ಇದು ಸರಿಹೋಗುತ್ತದೆ. ಮೆಕ್‌ನಮಾರ ಮತ್ತು ವಫಾ 2020ರಲ್ಲಿ ಬೇರೆ ದಾರಿಯಿಂದ ಇದೇ ಊಹೆಗೆ ಬಂದರು.

ಒಂದೇ ಸ್ಥಿತಿಯಲ್ಲಿ ಇಷ್ಟು ದೊಡ್ಡ ಜಗತ್ತು ಹೇಗೆ ಹಿಡಿಸುತ್ತದೆ? 2025ರಲ್ಲಿ ಹಾರ್ಲೋ, ಉಸಾತ್ಯುಕ್, ಝಾವೋ ಕೊಟ್ಟ ಉತ್ತರವೆಂದರೆ, ಒಳಗೆ ಕೂತು ನೋಡುವವನನ್ನೂ ಲೆಕ್ಕಕ್ಕೆ ತರಬೇಕು. ಆಗ ಅವನ ಪಾಲಿಗೆ ಹಲವು ಸ್ಥಿತಿಗಳು ಸಿಗುತ್ತವೆ, ಎಷ್ಟೆಂಬುದು ಅವನ ಎಂಟ್ರೊಪಿಯ ಮೇಲೆ ನಿಂತಿದೆ. ಜಾಣ ಉಪಾಯವೇ. ಆದರೆ ನೋಡುಗನಿಗೆಂದೇ ಪ್ರತ್ಯೇಕ ನಿಯಮವನ್ನು ಹೊರಗಿಂದ ತಂದು ಸೇರಿಸಿದ್ದು ನನಗೆ ಅಷ್ಟು ರುಚಿಸಿಲ್ಲ. ಅದು ಗುರುತ್ವದ ಸಮೀಕರಣಗಳಿಂದ ತಾನಾಗಿ ಹೊರಬೀಳಬೇಕಿತ್ತು.