ಸಿಸಿಐಗೆ ಹಾಕಿದ್ರೆ ದುಡ್ಡು ಬರುತ್ತಾ ಅನ್ನೋರಿಗೆ

ಮೊದ್ಲೇ ಹೇಳಿಬಿಡ್ತೀನಿ, ನಮ್ಮ ಬಳ್ಳಾರಿ-ರಾಯಚೂರು ಕಡೆ ಸಿಸಿಐ ಅಂದ್ರೆ ಹತ್ತಿ ಖರೀದಿ ಮಾಡೋ ಕಾಟನ್ ಕಾರ್ಪೊರೇಷನ್. ನಾನು ಬರೆಯೋದು ಡೆಲ್ಲಿಯಾಗೆ ಕೂತಿರೋ ಸ್ಪರ್ಧಾ ಆಯೋಗದ ಬಗ್ಗೆ, ದೊಡ್ಡ ಕಂಪನಿಗಳು ಮಾರ್ಕೆಟ್‌ನಾಗೆ ಮೋಸದ ಪೈಪೋಟಿ ಮಾಡಿದ್ರೆ ವಿಚಾರಣೆ ಮಾಡೋದು ಅದು, ಅದಕ್ಕೂ ಸಿಸಿಐ ಅಂತಾನೇ ಅಂತಾರೆ. ಹೋದ ಸಲ ನಾಕು ಜನ ರೈತರು ಹತ್ತಿ ರೇಟು ಕೇಳಿ ಮೆಸೇಜ್ ಹಾಕಿದ್ರು, ಪಾಪ ಅವರದೇನು ತಪ್ಪಿಲ್ಲ, ಆದ್ರೆ ನನ್ನ ಹತ್ರ ಉತ್ತರ ಇರ್ಲಿಲ್ಲ.

ಪ್ರಶ್ನೆ: ಸರ್, ಬಳ್ಳಾರಿಯಲ್ಲಿ ನಮ್ದು ಜೀನ್ಸ್ ಹೊಲಿಯೋ ಸಣ್ಣ ಯೂನಿಟ್, ಹನ್ನೆರಡು ಮಷಿನ್. ಆನ್‌ಲೈನ್ ಆ್ಯಪ್‌ನಲ್ಲಿ ಮಾರ್ತೀವಿ. ಒಂದು ಮಾಡೆಲ್ ಚೆನ್ನಾಗಿ ಓಡ್ತಿತ್ತು, ಮೂರೇ ತಿಂಗಳಿಗೆ ಅದೇ ಥರದ ಪ್ಯಾಂಟು ಆ ಆ್ಯಪ್‌ನವರದೇ ಬ್ರ್ಯಾಂಡ್‌ನಲ್ಲಿ ಬಂತು, ರೇಟು ಕಮ್ಮಿ, ಸರ್ಚ್ ಮಾಡಿದ್ರೆ ಅದೇ ಮೇಲೆ. ಹೊಸ ಡಿಜಿಟಲ್ ಕಾನೂನು ಬಂದೈತಂತೆ, ಕೇಸ್ ಹಾಕಿದ್ರೆ ಪರಿಹಾರ ಸಿಗುತ್ತಾ?

ಈ ಪ್ರಶ್ನೆ ನಂಗೆ ತಿಂಗಳಿಗೆ ಎರಡು ಸಲ ಬರುತ್ತೆ, ಪ್ಯಾಂಟ್ ಬದ್ಲು ಸೀರೆ, ಅಷ್ಟೇ ಫರಕು. ಹೊಸ ಕಾನೂನು ಬಂದಿಲ್ರೀ. ಬಂದಿರೋದು ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು, 2024ರ ಮಾರ್ಚ್‌ನಲ್ಲಿ ಸಮಿತಿ ವರದಿ ಜೊತೆ ಹೊರಗೆ ಬಿಟ್ಟಿದ್ದು. ಯೂಟ್ಯೂಬ್‌ನಾಗೆ ಯಾರೋ ಕೋಟು ಹಾಕ್ಕೊಂಡು "ಜಾರಿ ಆಯ್ತು" ಅಂದ್ರೆ ಆಗಿಬಿಡಲ್ಲ.

ಈಗ ನಡೀತಿರೋದು 2002ರ ಸ್ಪರ್ಧಾ ಕಾಯ್ದೆ. ಅದರಾಗೆ ದೊಡ್ಡೋನಾಗಿರೋದು ತಪ್ಪಲ್ಲ, ದೊಡ್ಡಸ್ತಿಕೆ ದುರುಪಯೋಗ ಮಾಡಿದ್ರೆ ಮಾತ್ರ ತಪ್ಪು. ಹಂಗಾಗಿ ಮೊದಲನೇ ಜಗಳನೇ ಮಾರ್ಕೆಟ್ ಯಾವ್ದು ಅಂತ, ಬರೀ ಆನ್‌ಲೈನ್ ಜೀನ್ಸಾ, ಎಲ್ಲಾ ಆನ್‌ಲೈನ್ ವ್ಯಾಪಾರನಾ, ಕೌಲ್ ಬಜಾರ್ ಅಂಗಡಿನೂ ಲೆಕ್ಕಕ್ಕೆ ಬರುತ್ತಾ. ಅದು ಮುಗಿದ್ಮೇಲೆ ಆ ಮಾರ್ಕೆಟ್‌ನಾಗೆ ಇವನು ಡಾಮಿನೆಂಟ್ ಹೌದಾ, ಅಂದ್ರೆ ಯಾರ ಪೈಪೋಟಿಗೂ ಅಂಜದಂಗೆ ಹಿಡಿತ ಐತಾ, ಅನ್ನೋದು. ಸಮಬಲದ ಇಬ್ರು ದೊಡ್ಡೋರಿದ್ರೆ ಮುಗೀತು, ಇಬ್ರೂ ತಪ್ಪಿಸ್ಕೊಂತಾರೆ. 2017ರ ಬೆಂಗಳೂರು ಟ್ಯಾಕ್ಸಿ ಕೇಸ್‌ನಾಗೆ ಆಗಿದ್ದು ಇದೇ: ಓಲಾ ನಷ್ಟದ ರೇಟಿಗೆ ಓಡಿಸಿ ನಮ್ಮನ್ನ ಮುಗಿಸ್ತೈತೆ ಅಂತ ಟ್ಯಾಕ್ಸಿ ಕಂಪನಿಗಳು ಹೋದ್ವು, ಊಬರ್ ಪೈಪೋಟಿ ಇರೋವಾಗ ಓಲಾ ಡಾಮಿನೆಂಟ್ ಅಲ್ಲ ಅಂತ ಆಯೋಗ ಕೇಸು ಮುಚ್ತು.

ಇನ್ನು ಟೈಮು. ಅಮೆಜಾನ್, ಫ್ಲಿಪ್‌ಕಾರ್ಟ್ ತಮಗೆ ಬೇಕಾದ ಸೆಲ್ಲರ್‌ಗಳನ್ನ ಮುಂದೆ ತರ್ತಾರೆ ಅನ್ನೋ ದೂರಿನ ಮೇಲೆ ಆಯೋಗ ತನಿಖೆಗೆ ಆರ್ಡರ್ ಮಾಡಿದ್ದು 2020ರ ಜನವರಿಯಲ್ಲಿ. ಮುಂದಿನ ತಿಂಗಳೇ ನಮ್ಮ ಕರ್ನಾಟಕ ಹೈಕೋರ್ಟ್‌ನಿಂದ ತಡೆ ಬಂತು, ಕೊನೆಗೆ 2021ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತನಿಖೆ ನಿಲ್ಲಿಸಲ್ಲ ಅಂತು. ಅಂದ್ರೆ ತನಿಖೆ ಮಾಡಬಹುದಾ ಬೇಡ್ವಾ ಅನ್ನೋಕ್ಕೇ ಒಂದೂವರೆ ವರ್ಷ ಹೋಯ್ತು, ತಪ್ಪು ಮಾಡ್ಯಾರಾ ಇಲ್ವಾ ಅನ್ನೋದು ಆಮೇಲಿನ ಮಾತು. ನಿಮ್ಮ ಪ್ಯಾಂಟಿನ ಫ್ಯಾಶನ್ ಅಷ್ಟೊತ್ತಿಗೆ ಎರಡು ಸಲ ಬದಲಾಗಿರುತ್ತೆ.

ಇದಕ್ಕೇ ಆ ಕರಡು ಬಂದಿದ್ದು. ಅದರಾಗೆ ಮಾರ್ಕೆಟ್ ಯಾವ್ದು ಅನ್ನೋ ಜಗಳನೇ ಇಲ್ಲ. ಮೂರು ವರ್ಷ ಭಾರತದ ವಹಿವಾಟು 4,000 ಕೋಟಿ ದಾಟಿರಬೇಕು ಇಲ್ಲಾ ಅಂಥದ್ದೇ ಇನ್ನೊಂದು ದುಡ್ಡಿನ ಅಳತೆ ಮುಟ್ಟಿರಬೇಕು, ಜೊತೆಗೆ 1 ಕೋಟಿ ಗ್ರಾಹಕರು ಅಥವಾ 10,000 ವ್ಯಾಪಾರಿಗಳು ಇರಬೇಕು, ಆಗ ಆ ಕಂಪನಿ ಮುಂಚೆನೇ ಪಟ್ಟಿಗೆ ಸೇರುತ್ತೆ. ಸೇರಿದ್ಮೇಲೆ ತನ್ನ ಮಾಲು ಮೇಲೆ ತೋರಿಸಂಗಿಲ್ಲ, ನಿಮ್ಮ ಸೇಲ್ಸ್ ಡೇಟಾ ನೋಡಿ ನಿಮಗೇ ಪೈಪೋಟಿ ಕೊಡಂಗಿಲ್ಲ. ಯುರೋಪ್‌ನವ್ರಿಗೂ ಇದೇ ಬುದ್ಧಿ ಬಂದಿದ್ದು ಪೆಟ್ಟು ತಿಂದ್ಮೇಲೆ, ಗೂಗಲ್ ತನ್ನ ಶಾಪಿಂಗ್ ಸರ್ವಿಸನ್ನೇ ಸರ್ಚ್‌ನಾಗೆ ಮೇಲೆ ತೋರಿಸ್ತೈತೆ ಅನ್ನೋ ತನಿಖೆ 2010ರಲ್ಲಿ ಶುರು, ದಂಡ 2017ರಲ್ಲಿ, ಅಲ್ಲಿನ ಮೇಲಿನ ಕೋರ್ಟು ಅದನ್ನ ಎತ್ತಿ ಹಿಡಿದಿದ್ದು 2024ರಲ್ಲಿ. ಕರಡು ಪಾಸಾಗ್ಲಿ ಅನ್ನೋನೇ ನಾನು, ಆದ್ರೆ ಅಂಜಿಕೆನೂ ಐತೆ, ಇವತ್ತಿನ ಆ್ಯಪ್ ನೋಡಿ ಬರೆದ ರೂಲು ನಾಳೆ ಬೇರೆ ಥರದ ಧಂದೆ ಬಂದ್ರೆ ಬರೀ ಫಾರಂ ತುಂಬಿಸೋ ಕೆಲಸ ಆಗಿ ಕೂತ್ಕೊಳ್ಳುತ್ತೆ.

ಪರಿಹಾರದ ಮಾತು. ಆಯೋಗ ಹಾಕೋ ದಂಡ ಸರ್ಕಾರದ ಖಜಾನೆಗೆ ಹೋಗುತ್ತೆ, ನಿಮಗಲ್ಲ. ತಪ್ಪು ಸಾಬೀತಾದ್ಮೇಲೆ ನಷ್ಟಕ್ಕೆ ಎನ್‌ಸಿಎಲ್‌ಎಟಿಗೆ, ಅಂದ್ರೆ ಕಂಪನಿ ಕೇಸುಗಳ ಮೇಲ್ಮನವಿ ಟ್ರಿಬ್ಯುನಲ್‌ಗೆ, ಬೇರೆ ಅರ್ಜಿ ಹಾಕಬೇಕು. ಹನ್ನೆರಡು ಮಷಿನ್ ಇಟ್ಕೊಂಡೋರು ಒಬ್ರೇ ಆ ದಾರಿಗೆ ಇಳೀಬ್ಯಾಡ್ರಿ, ಸಂಘದ ಮೂಲಕ ಹೋಗ್ರಿ, ಆಯೋಗಕ್ಕೆ ದೂರನ್ನ ಘಟನೆ ನಡೆದು ಮೂರು ವರ್ಷದೊಳಗೆ ಕೊಡ್ರಿ, ಇದು 2023ರ ತಿದ್ದುಪಡಿ ಹಾಕಿರೋ ಗಡುವು. ಅಲ್ಲೀತನಕ ಕಮಿಷನ್ ಬದಲಾದ ಮೇಲ್‌ಗಳು, ಸರ್ಚ್ ಸ್ಕ್ರೀನ್‌ಶಾಟು, ತಿಂಗಳ ಸೇಲ್ಸ್ ರಿಪೋರ್ಟು ತಾರೀಖು ಸಮೇತ ಎತ್ತಿಡ್ರಿ. ಮುಂದಿನ ಮಾಡೆಲ್‌ದು ಡಿಸೈನ್ ರಿಜಿಸ್ಟರ್ ಮಾಡಿಸ್ರಿ, ಅದೂ ಆ್ಯಪ್‌ಗೆ ಫೋಟೊ ಏರಿಸೋಕ್ಕಿಂತ ಮುಂಚೆ, ಹೊರಗೆ ಬಿಟ್ಟ ಡಿಸೈನ್ ಹೊಸದು ಅಂತ ಆಗಲ್ಲ. ಇದನ್ನ ಮಾತ್ರ ಯಾರೂ ಕೇಳಲ್ಲ, ಎಲ್ಲರಿಗೂ ಕೇಸೇ ಬೇಕು.

ಆಮೇಲೆ "ಸಿಸಿಐ ರಿಜಿಸ್ಟ್ರೇಷನ್ ಮಾಡಿಸಿ ಕೊಡ್ತೀವಿ, ಆಗ ಆ್ಯಪ್‌ನವ್ರು ನಿಮ್ಮ ತಂಟೆಗೆ ಬರಲ್ಲ" ಅಂತ ದುಡ್ಡು ಕೇಳ್ಕೊಂಡು ಓಡಾಡ್ತಾರಲ್ಲ, ಅಂಥ ರಿಜಿಸ್ಟ್ರೇಷನ್ನೇ ಇಲ್ಲ. ಕೊಟ್ಟಿದ್ರೆ ವಾಪಸ್ ಇಸ್ಕೊಳ್ರಿ, ಕೊಡಲ್ಲ ಅಂದ್ರೆ ಪೊಲೀಸ್ ಸ್ಟೇಷನ್‌ಗೆ ಹೋಗ್ರಿ, ನನ್ನ ಹತ್ರ ಬರಬ್ಯಾಡ್ರಿ.

ಪ್ರಶ್ನೆ: ಗಂಗಾವತಿಯಲ್ಲಿ ಖಾನಾವಳಿ ಐತ್ರಿ, ಫುಡ್ ಆ್ಯಪ್‌ನವ್ರು ಕಮಿಷನ್ ಜಾಸ್ತಿ ಮಾಡ್ಯಾರ. ಇದು ಕಾನೂನು ಬಾಹಿರ ಅಲ್ಲೇನ್ರಿ?

ಜಾಸ್ತಿ ಅನ್ನೋದೊಂದೇ ಅಪರಾಧ ಆಗಲ್ಲ.

ಪ್ರಶ್ನೆ: ರಾಯಚೂರಿಂದ ಕೇಳ್ತಿದೀನಿ, ಆ್ಯಪ್‌ನಲ್ಲಿ ಹಳೇ ಮೊಬೈಲ್ ಕಳಿಸಿದ್ರು, ಸಿಸಿಐಗೆ ಹೋಗ್ಲಾ?

1915ಕ್ಕೆ ಫೋನ್ ಮಾಡ್ರಿ, ಅದು ಗ್ರಾಹಕರ ಸಹಾಯವಾಣಿ.

ಪ್ರಶ್ನೆ: ಆನೆಗೊಂದಿ ಹತ್ರ ನಮ್ಮ ಹೋಂಸ್ಟೇ ಇದೆ. ನಮ್ಮ ವೆಬ್‌ಸೈಟಲ್ಲಿ ನಾವೇ ಕಡಿಮೆ ರೇಟ್ ಹಾಕಂಗಿಲ್ಲ ಅಂತ ಬುಕಿಂಗ್ ಆ್ಯಪ್‌ನವ್ರು ಅಂತಾರೆ. ಒಪ್ಪಬೇಕಾ?

ಅಂತೂ ಒಂದು ಒಳ್ಳೆ ಪ್ರಶ್ನೆ. ಹೋಟೆಲ್‌ಗಳ ಮೇಲೆ ಇಂಥದ್ದೇ ಷರತ್ತು ಹಾಕಿದ್ದಕ್ಕೆ 2022ರ ಅಕ್ಟೋಬರ್‌ನಲ್ಲಿ ಆಯೋಗ ಮೇಕ್‌ಮೈಟ್ರಿಪ್-ಗೋಐಬಿಬೋಗೆ 223.48 ಕೋಟಿ ದಂಡ ಹಾಕಿ, ಅಗ್ರಿಮೆಂಟ್ ತಿದ್ದಿ ಅಂತು. ಆದ್ರೆ ಅಲ್ಲಿ ಕಂಪನಿ ಡಾಮಿನೆಂಟ್ ಅಂತ ಮೊದ್ಲು ತೀರ್ಮಾನ ಆಗಿತ್ತು, ಸಣ್ಣ ಆ್ಯಪ್ ಆದ್ರೆ ಲೆಕ್ಕ ಬೇರೆ. ಅದಕ್ಕೆ ಆ್ಯಪ್ ಯಾವ್ದು ಅಂತ ಬರೀರಿ, ಅಗ್ರಿಮೆಂಟ್‌ನಾಗೆ ಆ ಷರತ್ತಿರೋ ಪುಟ ಅಷ್ಟೇ ಕಳಿಸ್ರಿ, ನಲವತ್ತು ಪುಟ ಬ್ಯಾಡ.